ಹತ್ತು ಗಾಡಿಯ ಸಾಮಾನು, ಒಂದು ಲಾರಿ

ಅಡಿಕೆ ತೋಟದ ಅಂಚಿನಲ್ಲಿ ಒಂದು ಚೇಸಿಸ್, ಅಂದರೆ ಲಾರಿಯ ಅಡಿಯ ಕಬ್ಬಿಣದ ಚೌಕಟ್ಟು. ಗುಜರಿ ಅಂಗಡಿಯಲ್ಲಿ ಅದೇ ಮಾದರಿಯ ಕ್ಯಾಬಿನ್. ಇನ್ಯಾರದೋ ಶೆಡ್ಡಿನಲ್ಲಿ ಎಂಜಿನ್. ನಮ್ಮ ಕಾಸರಗೋಡಿನ ಕಡೆ ಹಳೆಯ ಲಾರಿ ಸಿಗುವುದೇ ಹೀಗೆ, ತುಂಡು ತುಂಡಾಗಿ. ಪೂರ್ತಿ ಗಾಡಿ ಸಿಕ್ಕಿದರೂ ಅದು ದಶಕಗಟ್ಟಲೆ ಮುರಕಲ್ಲು, ಮರ, ಅಡಿಕೆ ಹೊತ್ತು ದುಡಿದ ಗಾಡಿ. ಕಂಪನಿಯಿಂದ ಬಂದ ಹಾಗೆಯೇ ಉಳಿದಿರುವುದಿಲ್ಲ. ಗೇರ್ ಬಾಕ್ಸ್ ಒಮ್ಮೆ ಬದಲಾಗಿರುತ್ತದೆ, ಹಿಂದಿನ ಆಕ್ಸಲ್ಲಿನ ಹೌಸಿಂಗ್ ಇನ್ನೊಮ್ಮೆ.

ಹಾಗಾಗಿ ಹಲವು ಗಾಡಿಗಳ ಸಾಮಾನು ಸೇರಿಸಿ ಒಂದು ಲಾರಿ ಕಟ್ಟುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಯಾರೂ ಕಟ್ಟದಿದ್ದರೆ ಈ ಲಾರಿಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ನನಗೆ ಬೇಸರ ಆಗುವುದು ಮುಚ್ಚಿಡುವುದನ್ನು ಕಂಡಾಗ. 1974ರ ಟಾಟಾ ಕ್ಯಾಬಿನ್‌ಗೆ, ಅಷ್ಟರಲ್ಲಿ ನಿಂತುಹೋಗಿದ್ದ ಬೆಂಜ್ ನಕ್ಷತ್ರದ ಗುರುತು ಸಿಕ್ಕಿಸಿ, "ಅರವತ್ತೆರಡನೇ ಇಸವಿದು, ಎಲ್ಲಾ ಒರಿಜಿನಲ್" ಎಂದು ಹೇಳಿಬಿಟ್ಟರೆ, ಅದನ್ನು ನೋಡಿ ಕಲಿಯುವ ಹುಡುಗರು ತಪ್ಪು ಕಲಿಯುತ್ತಾರೆ. ನಮ್ಮ ಊರಿನ ಲಾರಿಗಳ ಚರಿತ್ರೆಯನ್ನು ಬರೆದಿಟ್ಟವರು ಕಡಿಮೆ. ಗಾಡಿಯೇ ದಾಖಲೆ. ಅದನ್ನು ತಿದ್ದುವ ಕೈ ನಮ್ಮದಾದರೆ, ಏನು ತಿದ್ದಿದೆವು ಎಂದು ಹೇಳುವ ಹೊಣೆಯೂ ನಮ್ಮದೇ ಅಲ್ವಾ? ಆ ಹೊಣೆ ಹೊತ್ತು ಕೆಲಸ ಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಚೇಸಿಸ್

ಯಾವ ಚೇಸಿಸ್ ಮೇಲೆ ಕಟ್ಟುತ್ತೀರೋ ಅದೇ ನಿಮ್ಮ ಲಾರಿ. ಅದರ ನಂಬರೇ ಗಾಡಿಯ ನಂಬರ್, ಅದರ ಇಸವಿಯೇ ಗಾಡಿಯ ಇಸವಿ. ಕ್ಯಾಬಿನ್ ಎಷ್ಟೇ ಹಳೆಯದಿರಲಿ, ಎಂಜಿನ್ ಎಷ್ಟೇ ಅಪರೂಪದ್ದಿರಲಿ, ಇದು ಬದಲಾಗುವುದಿಲ್ಲ. ಈ ಒಂದು ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ.

ಹಣ ಕೊಡುವ ಮೊದಲು ಚೇಸಿಸ್ ನಂಬರ್ ಹುಡುಕಿ. ಉದ್ದದ ಕಬ್ಬಿಣದ ಮೇಲೆ ಪಂಚ್ ಹೊಡೆದಿರುತ್ತಾರೆ. ಅದರ ಮೇಲೆ ಗ್ರೀಸು, ಬಣ್ಣ, ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಸೀಮೆಎಣ್ಣೆ ಹಚ್ಚಿ ನೆನೆಯಲು ಬಿಡಿ, ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ. ಗ್ರೈಂಡರ್ ಮುಟ್ಟಿಸಲೇಬೇಡಿ. ಒಮ್ಮೆ ಅಕ್ಷರ ಸವೆದರೆ ಗಾಡಿಯ ಗುರುತೇ ಹೋಯಿತು. ನಂಬರ್ ಕಂಡ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯಿರಿ, ಆರ್‌ಟಿಒ ಕಚೇರಿಗೆ ತೆಗೆದುಕೊಳ್ಳುತ್ತಾರಲ್ಲ, ಹಾಗೆ. ಫೋಟೋ ಕೂಡ ಇರಲಿ, ಹತ್ತಿರದಿಂದ ಒಂದು, ಸುತ್ತಲಿನ ಕಬ್ಬಿಣ ಕಾಣುವ ಹಾಗೆ ಇನ್ನೊಂದು.

ಅಂಕೆಗಳು ಒಂದು ಗಾತ್ರ ಇಲ್ಲದಿದ್ದರೆ, ಆ ಜಾಗ ಮಾತ್ರ ತಗ್ಗಾಗಿದ್ದರೆ, ಸುತ್ತ ಚೌಕವಾಗಿ ವೆಲ್ಡಿಂಗ್ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ. ರೇಟು ಎಷ್ಟೇ ಕಡಿಮೆ ಇರಲಿ, ಬೇಡ. ಸತ್ತ ಗಾಡಿಯ ಆರ್‌ಸಿ ಬುಕ್ಕನ್ನು, ಜತೆಗೆ ಕತ್ತರಿಸಿದ ನಂಬರ್ ತುಂಡನ್ನು ಮಾರಲು ಬರುವವರೂ ಇರುತ್ತಾರೆ. ಒಂದು ಗಾಡಿಯ ನಂಬರನ್ನು ಇನ್ನೊಂದಕ್ಕೆ ಅಂಟಿಸುವುದು ಅಪರಾಧ. ಅದರಲ್ಲಿ ಸಣ್ಣದು ದೊಡ್ಡದು ಎಂದಿಲ್ಲ.

ಗಡಿಯ ನಮಗೆ ಇನ್ನೊಂದು ಕೆಲಸ ಇದೆ. ಲಾರಿ ಕೆಎಲ್-14 ಆಗಿರಬಹುದು, ಮಂಗಳೂರಿನ ಕೆಎ-19 ಆಗಿರಬಹುದು, ಪುತ್ತೂರಿನ ಕೆಎ-21 ಆಗಿರಬಹುದು. ಈ ಸಂಖ್ಯೆಗಳು ಬರುವುದಕ್ಕೆ ಹಿಂದಿನ ಮೂರಕ್ಷರದ ನಂಬರ್ ಕೂಡ ಆಗಿರಬಹುದು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇರುವುದಾದರೆ ಇಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಮೊದಲಿನ ಕಚೇರಿಯಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಆನ್‌ಲೈನ್ ಸೇವೆಯಲ್ಲಿ ಚೇಸಿಸ್ ಮತ್ತು ಎಂಜಿನ್ ನಂಬರ್ ಕೊಟ್ಟು ಕಳವಿನ ಗಾಡಿಯೋ ಎಂದು ನೋಡಬಹುದು. ನೋಂದಣಿ ರದ್ದಾಗಿದೆಯೇ ಎಂಬುದನ್ನು ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ರದ್ದಾಗಿದ್ದರೆ ಅದು ಶೆಡ್ಡಿನಲ್ಲಿ ನಿಲ್ಲುವ ಗಾಡಿ, ರಸ್ತೆಯದ್ದಲ್ಲ. ಹಾಗೆಂದು ತಿಳಿದೇ ಕಟ್ಟುವುದಾದರೆ ಕಟ್ಟಿ.

ಬಿಚ್ಚುವ ಮೊದಲು

ತಂದ ಮರುದಿನವೇ ಸ್ಪ್ಯಾನರ್ ಹಿಡಿಯಬೇಡಿ. ಇದ್ದ ಹಾಗೆಯೇ ಫೋಟೋ ತೆಗೆಯಿರಿ. ಅಡಿಯಿಂದ, ಒಳಗಿಂದ, ವಯರಿಂಗ್ ಹೋದ ದಾರಿ, ಪೈಪು ಕಟ್ಟಿದ ಕ್ಲಿಪ್ಪು, ಬೋಲ್ಟಿನ ತಲೆ ಯಾವ ಕಡೆ ಇದೆ ಎಂಬುದು ಕೂಡ. ಪ್ರತಿ ಭಾಗಕ್ಕೂ ಚೀಟಿ ಕಟ್ಟಿ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಕಾಗದದ ಚೀಟಿ ನಿಲ್ಲುವುದಿಲ್ಲ, ತಗಡಿನ ತುಂಡಿಗೆ ನಂಬರ್ ಪಂಚ್ ಮಾಡಿ ತಂತಿಯಲ್ಲಿ ಕಟ್ಟುವುದು ಒಳ್ಳೆಯದು.

ಬಣ್ಣವನ್ನು ಪೂರ್ತಿ ಕೆರೆಯುವ ಮೊದಲು ಒಂದು ಅಂಗೈಯಗಲ ಜಾಗವನ್ನು ನಿಧಾನವಾಗಿ, ಪದರ ಪದರವಾಗಿ ಉಜ್ಜಿ. ನೀರು ಹಾಕಿ ಉಜ್ಜಿ, ಮೂಗಿಗೆ ಮಾಸ್ಕ್ ಇರಲಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಎಲ್ಲಕ್ಕಿಂತ ಅಡಿಯಲ್ಲಿ ಸಿಗುವ ಬಣ್ಣವೇ ಆ ಭಾಗದ ಮೊದಲ ಬಣ್ಣ. ಬಾಗಿಲಿನ ಅಡಿಯ ಬಣ್ಣ ಒಂದು, ಕ್ಯಾಬಿನ್‌ನದ್ದು ಇನ್ನೊಂದು ಆದರೆ ಬಾಗಿಲು ಬೇರೆ ಗಾಡಿಯಿಂದ ಬಂದಿರಬೇಕು. ಬಾಗಿಲಿನ ಮೇಲೆ ಹಳೆಯ ಮಾಲೀಕರ ಹೆಸರು, ಊರು, ತೂಕದ ಲೆಕ್ಕ ಬರೆದದ್ದು ಕಾಣಿಸಬಹುದು. ಅದನ್ನು ಅಳಿಸುವ ಮುಂಚೆ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಸಾಧ್ಯವಾದರೆ ಅಷ್ಟು ಜಾಗ ಹಾಗೆಯೇ ಬಿಡಿ.

ಸಾಮಾನನ್ನು ಓದುವುದು

ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಇಷ್ಟ ಇದೇ. ಪ್ರತಿ ಭಾಗವೂ ತಾನು ಎಲ್ಲಿಂದ ಬಂದೆ ಎಂದು ಏನಾದರೂ ಸುಳಿವು ಕೊಡುತ್ತದೆ.

ಮೊದಲು ಥ್ರೆಡ್, ಅಂದರೆ ಬೋಲ್ಟಿನ ಸುತ್ತು ನೋಡಿ. ಟಾಟಾ ಬೆಂಜ್ ಜರ್ಮನ್ ವಿನ್ಯಾಸ, ಅದರ ಬೋಲ್ಟುಗಳು ಮಿಲಿಮೀಟರಿನವು. ಎಣ್ಣೂರಿನಲ್ಲಿ ತಯಾರಾದ ಹಳೆಯ ಲೇಲ್ಯಾಂಡ್ ಕಾಮೆಟ್ ಬ್ರಿಟಿಷ್ ಮೂಲದ್ದು, ಇಂಚಿನದು. ಹಿಂದುಸ್ತಾನ್ ಮೋಟಾರ್ಸ್‌ನ ಬೆಡ್‌ಫರ್ಡ್, ಮುಂಬಯಿ ಕುರ್ಲಾದ ಪ್ರೀಮಿಯರ್ ಕಂಪನಿಯ ಡಾಡ್ಜ್ ಮತ್ತು ಫಾರ್ಗೊ ಕೂಡ ಇಂಚಿನವೇ. ಬೆಂಜ್ ಲಾರಿಯ ಬ್ರಾಕೆಟ್ಟಿಗೆ ಇಂಚಿನ ಸ್ಪ್ಯಾನರ್ ಸರಿಯಾಗಿ ಕೂತರೆ ಆ ಬ್ರಾಕೆಟ್ ಬೇರೆ ಮನೆಯದ್ದು. ಕೆಲವೊಮ್ಮೆ ಲೇತಿನವರು ಹಳೆಯ ತೂತನ್ನು ಇಂಚಿನ ಟ್ಯಾಪ್ ಹಾಕಿ ಹೊಸದು ಮಾಡಿರುತ್ತಾರೆ. ಅದನ್ನೂ ಬರೆದಿಡಿ.

ಟಾಟಾ ಎಂಜಿನ್ನಿನ ಹೆಸರೇ ಅರ್ಧ ವಿಷಯ ಹೇಳುತ್ತದೆ. 692 ಎಂದರೆ 6 ಸಿಲಿಂಡರ್, 92 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ). 697 ಎಂದರೆ 6 ಸಿಲಿಂಡರ್, 97 ಮಿಲಿಮೀಟರ್ ಬೋರ್. ಹೆಡ್ ಬಿಚ್ಚಿದಾಗ ಬೋರ್ ಅಳೆದು ನೋಡಿದರೆ ಪ್ಲೇಟಿನಲ್ಲಿ ಬರೆದದ್ದು ನಿಜವೋ ಎಂದು ಗೊತ್ತಾಗುತ್ತದೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದರೆ ಸ್ವಲ್ಪ ಜಾಸ್ತಿ ಬರುತ್ತದೆ, 92 ಹೋಗಿ 97 ಆಗುವುದಿಲ್ಲ. ಗಾಡಿಯ ಹೆಸರೂ ಹೀಗೆಯೇ. 1210 ಎಂದರೆ ಒಟ್ಟು ತೂಕ 12 ಟನ್, ಶಕ್ತಿ ಸುಮಾರು 100 ಹಾರ್ಸ್‌ಪವರ್. ಬ್ಲಾಕಿನ ಮೇಲೆ ಎರಕದಲ್ಲೇ ಮೂಡಿದ ಅಂಕೆಗಳಿರುತ್ತವೆ. ಪಂಚ್ ಮಾಡಿದ ಎಂಜಿನ್ ನಂಬರ್ ಬೇರೆ, ಎರಕದ ಅಂಕೆ ಬೇರೆ. ಎರಡನ್ನೂ ಬರೆದುಕೊಳ್ಳಿ.

ಆಮೇಲೆ ಸಣ್ಣ ಪ್ಲೇಟುಗಳು. ಡೀಸೆಲ್ ಪಂಪಿನ ಮೇಲೆ ಮೈಕೋ ಎಂದಿದ್ದರೆ ಅದು ಬೆಂಗಳೂರಿನದು. ಆ ಕಂಪನಿ ಶುರುವಾದದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಪ್ಲೇಟು 1972ರ ಆಗಸ್ಟ್ 15ರ ನಂತರದ್ದು, ಪಿನ್ ಕೋಡ್ ಬಂದದ್ದೇ ಅಂದು. ಅದಕ್ಕೆ ಹಿಂದೆ ಮದ್ರಾಸ್-2, ಬಾಂಬೆ-26 ಎಂಬ ಹಾಗೆ ಒಂದೆರಡು ಅಂಕೆ ಮಾತ್ರ ಇರುತ್ತಿತ್ತು. ಚೆನ್ನೈ ಎಂದು ಬರೆದಿದ್ದರೆ 1996ಕ್ಕಿಂತ ಹಿಂದಿನದಲ್ಲ, ಮುಂಬಯಿ ಎಂದಿದ್ದರೆ 1995ಕ್ಕಿಂತ ಹಿಂದಿನದಲ್ಲ. ಟೆಲ್ಕೋ ಹೋಗಿ ಟಾಟಾ ಮೋಟಾರ್ಸ್ ಆದದ್ದು 2003ರಲ್ಲಿ. ಮೀಟರಿನಲ್ಲಿ ಮೈಲು ಇದ್ದರೆ ಅದು ದೇಶದಲ್ಲಿ ಕಿಲೋಮೀಟರ್ ಬಳಕೆಗೆ ಬರುವುದಕ್ಕೆ ಮೊದಲಿನದು, ಅಂದರೆ 1960ರ ಆಸುಪಾಸು ಅಥವಾ ಇನ್ನೂ ಹಳೆಯದು.

ಒಂದು ಕಡೆ ಎಚ್ಚರ ಬೇಕು. ನಮ್ಮ ಹಳೆಯ ಮನೆಗಳ ಹಂಚು ಮಗುಚಿದರೆ ಬಾಸೆಲ್ ಮಿಶನ್ 1865, ಆಲ್ಬುಕರ್ಕ್ 1868 ಎಂದು ಕಾಣುತ್ತದೆ. ಅದು ಕಾರ್ಖಾನೆ ಶುರುವಾದ ಇಸವಿ, ಆ ಹಂಚು ಸುಟ್ಟ ಇಸವಿಯಲ್ಲ. ಲಾರಿಯ ಪ್ಲೇಟಿನ ಇಸವಿಯೂ ಹೀಗಿರಬಹುದು, ಪೇಟೆಂಟ್ ಸಿಕ್ಕಿದ ವರ್ಷವೋ ಕಂಪನಿ ಹುಟ್ಟಿದ ವರ್ಷವೋ ಆಗಿರಬಹುದು. ಒಂದೇ ಸುಳಿವು ಹಿಡಿದು ತೀರ್ಮಾನ ಮಾಡಬೇಡಿ. ಎರಡು ಮೂರು ಒಂದೇ ಕಡೆ ಬೆರಳು ತೋರಿಸಬೇಕು.

ಗುಜರಿಯಲ್ಲಿ ಸಾಮಾನು ಕೊಳ್ಳುವಾಗ ಬೆಲೆ ಕೇಳುವ ಮೊದಲು ಇನ್ನೊಂದು ಮಾತು ಕೇಳಿ. "ಕಾಕಾ, ಇದು ಯಾವ ಗಾಡಿಯಿಂದ ಬಿಚ್ಚಿದ್ದು? ಯಾವ ಊರಿನದು?" ಅವರಿಗೆ ನೆನಪಿರುತ್ತದೆ. ಮರದ ಲಾರಿಯದೋ, ಮಿಲ್ಲಿನದೋ, ಘಟ್ಟದ ಮೇಲಿನದೋ ಎಂದು ಹೇಳುತ್ತಾರೆ. ಅಲ್ಲೇ ಬರೆದುಕೊಳ್ಳಿ. ಬಿಲ್ಲು ಕೇಳಿ ಪಡೆಯಿರಿ, ಎಂಜಿನ್‌ಗಂತೂ ಬೇಕೇ ಬೇಕು, ಆರ್‌ಟಿಒ ಕಚೇರಿಯಲ್ಲಿ ಕೇಳುತ್ತಾರೆ. ಮಂಗಳೂರು, ಬೆಂಗಳೂರು, ಚೆನ್ನೈನ ಪುದುಪೇಟೆ, ಎಲ್ಲಿಂದ ತಂದರೂ ಇದೇ ಕ್ರಮ.

ಒಂದು ಪುಸ್ತಕ, ಐದು ಗುರುತು

ಗಟ್ಟಿ ರಟ್ಟಿನ ಒಂದು ನೋಟ್ ಪುಸ್ತಕ ಇಡಿ. ಫೋನಿನಲ್ಲಿ ಇದ್ದರೆ ಸಾಕು ಎನ್ನಬೇಡಿ, ಫೋನ್ ಬದಲಾಗುತ್ತದೆ. ಪ್ರತಿ ಭಾಗಕ್ಕೂ ಒಂದು ಸಾಲು: ಹೆಸರು, ಅದರ ಮೇಲಿನ ನಂಬರ್, ಎಲ್ಲಿಂದ ಬಂತು, ಯಾವಾಗ ಹಾಕಿದ್ದು, ಏನು ರಿಪೇರಿ ಆಯಿತು. ಕೊನೆಯಲ್ಲಿ ಒಂದು ಗುರುತು. ನಾನು ಹೇಳುವ ಗುರುತುಗಳು ಇವು.

ಹು: ಹುಟ್ಟಿನದು. ಈ ಚೇಸಿಸ್ ಜತೆ ಕಂಪನಿಯಿಂದಲೇ ಬಂದದ್ದು.
ಕಾ: ಕಾಲದ್ದು. ಲಾರಿ ದುಡಿಯುತ್ತಿದ್ದ ವರ್ಷಗಳಲ್ಲಿ ಹಿಂದಿನ ಮಾಲೀಕರು ಹಾಕಿಸಿದ್ದು.
ಬೇ: ಬೇರೆ ಗಾಡಿಯದು. ನೀವು ತಂದು ಜೋಡಿಸಿದ್ದು.
ಹೊ: ಹೊಸತು. ಅಂಗಡಿಯಿಂದ ತಂದದ್ದು ಅಥವಾ ಲೇತಿನಲ್ಲಿ, ಟಿಂಕರಿಂಗಿನಲ್ಲಿ ಮಾಡಿಸಿದ್ದು.
ಗೊ: ಗೊತ್ತಿಲ್ಲ.

ಕೊನೆಯ ಗುರುತನ್ನು ಬಳಸಲು ಹಿಂಜರಿಯಬೇಡಿ. ಚೇಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಹಳೆಯ ಆರ್‌ಸಿಯಲ್ಲಿ ಇದ್ದು ಒಂದಕ್ಕೊಂದು ತಾಳೆ ಆದರೆ ಎಂಜಿನ್‌ಗೆ 'ಹು' ಹಾಕಿ. ಗೇರ್ ಬಾಕ್ಸಿಗೆ ಅಂಥ ಕಾಗದ ಇರುವುದಿಲ್ಲ. ನೋಡಲು ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ 'ಹು' ಎಂದು ಬರೆದರೆ ಮುಂದೆ ಪುಸ್ತಕದ ಯಾವ ಸಾಲನ್ನೂ ಯಾರೂ ನಂಬುವುದಿಲ್ಲ. 'ಗೊ' ಜಾಸ್ತಿ ಇರುವ ಪುಸ್ತಕ ನನಗೆ ನಂಬಿಕೆ ಹುಟ್ಟಿಸುತ್ತದೆ.

ಪುಸ್ತಕ ಮಾತ್ರ ಸಾಲದು, ಭಾಗದ ಮೇಲೂ ಗುರುತು ಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಟುರಿನ್ ಚಾರ್ಟರ್ ಎಂಬ ಒಡಂಬಡಿಕೆ ಒಪ್ಪಿಕೊಂಡಿತು. ಬದಲಿಸಿದ ಭಾಗಗಳ ಮೇಲೆ ಸುಲಭವಾಗಿ ಗುರುತಿಸುವ, ಅಳಿಯದ ಗುರುತು ಇರಬೇಕು ಎಂಬುದು ಅದರಲ್ಲಿ ಇದೆ. ಮಾಡುವುದು ಸುಲಭ. ಹೊಸ ತಗಡಿನ ಒಳಮೈಯಲ್ಲಿ ಇಸವಿ ಪಂಚ್ ಮಾಡಿಸಿ. ಬಾಡಿಯ ಮರದ ಅಡಿಯಲ್ಲಿ ಕಾಯಿಸಿದ ಕಬ್ಬಿಣದಿಂದ ಬರೆಸಿ. ಹೊರಗೆ ಕಾಣುವುದಿಲ್ಲ, ಹುಡುಕಿದವರಿಗೆ ಸಿಗುತ್ತದೆ. ಆದರೆ ಸ್ಪ್ರಿಂಗ್ ಪಟ್ಟೆ, ಆಕ್ಸಲ್ ಶಾಫ್ಟ್, ಸ್ಟೇರಿಂಗ್ ಆರ್ಮ್ ಮೇಲೆ ಪಂಚ್ ಹೊಡೆಯಬೇಡಿ. ಭಾರ ಹೊರುವ ಕಬ್ಬಿಣದಲ್ಲಿ ಅಂಥ ಗಾಯದಿಂದಲೇ ಬಿರುಕು ಶುರುವಾಗುತ್ತದೆ. ಅವಕ್ಕೆ ಬಣ್ಣದ ಚುಕ್ಕೆ ಸಾಕು.

ಯಾವುದನ್ನು ಯಾವುದಕ್ಕೆ ಸೇರಿಸುವುದು

ಮೊದಲ ಆಯ್ಕೆ ಇದೇ ಚೇಸಿಸ್‌ನ ಭಾಗ, ಎಷ್ಟೇ ಸವೆದಿದ್ದರೂ ರಿಪೇರಿ ಆಗುವುದಾದರೆ ಅದೇ. ಅದಿಲ್ಲದಿದ್ದರೆ ಅದೇ ಮಾದರಿ, ಅದೇ ಆಸುಪಾಸಿನ ಇಸವಿಯದು. ಅದೂ ಸಿಗದಿದ್ದರೆ ಅದೇ ಕಂಪನಿಯ ಮುಂದಿನ ಮಾದರಿಯದು. ಬೇರೆ ಕಂಪನಿಯ ಸಾಮಾನು ಕೊನೆಗೆ. ಹಾಗೆಯೇ, ಬೇರೆ ಸಾಮಾನು ಕೂರಿಸಲು ಹಳೆಯ ಚೇಸಿಸ್ ಕತ್ತರಿಸುವುದು, ಹೊಸ ತೂತು ಕೊರೆಯುವುದು ಬೇಡ. ಬ್ರಾಕೆಟ್ ಮಾಡಿಸಿ ಹಳೆಯ ತೂತುಗಳಿಗೇ ಬೋಲ್ಟ್ ಹಾಕಿ. ನಾಳೆ ಸರಿಯಾದ ಸಾಮಾನು ಸಿಕ್ಕಿದರೆ ನಿಮ್ಮದನ್ನು ಬಿಚ್ಚಿ ಅದನ್ನು ಹಾಕಬಹುದು.

ಬೆಂಜ್ ನಕ್ಷತ್ರದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಟೆಲ್ಕೋ ಮತ್ತು ಡೈಮ್ಲರ್ ಬೆಂಜ್ ನಡುವಿನ ಒಪ್ಪಂದ ಆದದ್ದು 1954ರಲ್ಲಿ, ಮುಗಿದದ್ದು 1969ರಲ್ಲಿ. ಆಮೇಲೆ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಲಾರಿ ನೋಡಲು ಹೆಚ್ಚು ಬದಲಾಗಲಿಲ್ಲ, ಜನ ಬೆಂಜ್ ಎಂದೇ ಕರೆಯುತ್ತಿದ್ದರು. ಅದಕ್ಕೇ ಎಪ್ಪತ್ತರ ದಶಕದ ಗಾಡಿಗೆ ನಕ್ಷತ್ರ ಹಾಕುವ ಆಸೆ ಬರುತ್ತದೆ. ನನ್ನ ಮಾತು ಕೇಳುವುದಾದರೆ ಹಾಕಬೇಡಿ. ಟಾಟಾ ತನ್ನ ಹೆಸರಿನಲ್ಲೇ ಮಾಡಿದ ಮೊದಲ ಲಾರಿಗಳಿಗೂ ಅವುಗಳದೇ ಬೆಲೆ ಇದೆ. ಹಿಂದಿನ ಮಾಲೀಕರೇ ಆ ಕಾಲದಲ್ಲಿ ಹಾಕಿಸಿದ್ದ ನಕ್ಷತ್ರ ಆದರೆ ಅದು 'ಕಾ', ಇರಲಿ. ಪುಸ್ತಕದಲ್ಲಿ ಬರೆಯಿರಿ.

ಫಾರ್ಗೊ, ಡಾಡ್ಜ್, ಡಿಸೋಟೊ ವಿಷಯ ಬೇರೆ. ಪ್ರೀಮಿಯರ್ ಕಂಪನಿ ಒಂದೇ ಲಾರಿಗೆ ಮೂರು ಹೆಸರು ಹಾಕಿ ಮಾರುತ್ತಿತ್ತು. ಸಾಮಾನು ಒಂದಕ್ಕೊಂದು ಹೊಂದುತ್ತದೆ. ಡಾಡ್ಜ್ ಚೇಸಿಸ್‌ಗೆ ಫಾರ್ಗೊ ಬಾನೆಟ್ ಸಿಕ್ಕಿದರೆ ಧಾರಾಳವಾಗಿ ಹಾಕಿ. ಬಾನೆಟ್ ಮೇಲಿನ ಹೆಸರನ್ನು ಮಾತ್ರ ಏನು ಮಾಡಿದಿರಿ ಎಂದು ಹೇಳಿ.

ಇದಕ್ಕಿಂತ ಮುಖ್ಯವಾದದ್ದು ಹಳೆಯ ಬದಲಾವಣೆಗಳು. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಶೆವರ್ಲೆ ಜೋಡಿಸುತ್ತಿತ್ತು. ಅವು ಪೆಟ್ರೋಲ್ ಲಾರಿಗಳು. ಆಮೇಲೆ ಪೆಟ್ರೋಲ್ ಖರ್ಚು ತಾಳದೆ ಎಷ್ಟೋ ಮಾಲೀಕರು ಅವುಗಳಿಗೆ ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂರಿಸಿದರು. ಮದ್ರಾಸಿನ ಸಿಂಪ್ಸನ್ ಕಂಪನಿ ಇಲ್ಲೇ ಪರ್ಕಿನ್ಸ್ ತಯಾರಿಸಲು ಶುರು ಮಾಡಿದ್ದರಿಂದ ಸಾಮಾನು ಸಿಗುತ್ತಿತ್ತು. ಅಂಥ ಲಾರಿ ಕೈಗೆ ಬಂದರೆ ಪರ್ಕಿನ್ಸ್ ಕಿತ್ತು ಪೆಟ್ರೋಲ್ ಎಂಜಿನ್ ಹಾಕಲು ಹೋಗಬೇಡಿ. ಹಾಕಿದರೆ ಲಾರಿ ಮುಂಬಯಿಯ ಕಾರ್ಖಾನೆಗೆ ಹತ್ತಿರ ಆಗಬಹುದು. ಆದರೆ ಅದು ಬದುಕಿ ಉಳಿದದ್ದೇ ಆ ಡೀಸೆಲ್ ಎಂಜಿನ್ನಿನಿಂದ. ನಮ್ಮ ಡ್ರೈವರುಗಳು, ಮೇಸ್ತ್ರಿಗಳು ತಲೆ ಓಡಿಸಿ ಮಾಡಿದ ಕೆಲಸ ಅದು. ಫಿವಾ ಕೂಡ ವಾಹನದ ಕಾಲದಲ್ಲೇ ಆದ ಬದಲಾವಣೆಗೆ ಒಂದು ವರ್ಗವನ್ನೇ ಇಟ್ಟಿದೆ.

ಎಂಜಿನ್ ಬದಲಿಸುವಾಗ ಕಾನೂನು ನೆನಪಿರಲಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ಮಾರ್ಪಾಟು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆ ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಅನುಮತಿ ಇಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಎಂಜಿನ್ ಇಳಿಸುವ ಮೊದಲೇ ಅರ್ಜಿ ಹಾಕಿ, ಅನುಮತಿ ಪಡೆದು, ಹೊಸ ಎಂಜಿನ್ ನಂಬರ್ ಆರ್‌ಸಿಗೆ ಹತ್ತಿಸಿ. ಚೇಸಿಸ್ ಉದ್ದ ಮಾಡಿದರೆ, ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ಬದಲಾದರೆ, ಅದೂ ಆರ್‌ಸಿಯಲ್ಲಿರುವ ವಿವರವೇ.

ಹೌಸಿಂಗ್ ಬದಲಿಸಿದವರು ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಎಂಬ ಎರಡು ಗೇರುಗಳ ಹಲ್ಲು ಎಣಿಸಿ ಬರೆದಿಡಿ. ರೇಶಿಯೋ ಬೇರೆ ಆದರೆ ಸ್ಪೀಡೋಮೀಟರ್ ಸುಳ್ಳು ತೋರಿಸುತ್ತದೆ, ಓಡಿದ ಕಿಲೋಮೀಟರ್ ಲೆಕ್ಕವೂ ತಪ್ಪುತ್ತದೆ. ಬೇರೆ ಮೀಟರ್ ಹಾಕಿದರೆ ಹಾಕಿದ ದಿನ ಅದರಲ್ಲಿದ್ದ ಅಂಕೆ ಪುಸ್ತಕಕ್ಕೆ ಹೋಗಬೇಕು.

ಜೀವದ ವಿಷಯ

ಬ್ರೇಕ್, ಸ್ಟೇರಿಂಗ್, ಟಯರ್, ವಯರಿಂಗ್: ಇಲ್ಲಿ ಹಳೆಯದೇ ಬೇಕು ಎಂದು ಹಠ ಹಿಡಿಯಬೇಡಿ. ಹೊಸದು ಹಾಕಿ, ಹೊಸದು ಎಂದು ಬರೆಯಿರಿ, ಮುಗಿಯಿತು. ಹಳೆಯ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಡ್ರಮ್ ಬಿಚ್ಚಿದಾಗ ಗಾಳಿ ಹೊಡೆದು ದೂಳು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹೈಡ್ರಾಲಿಕ್ ಬ್ರೇಕ್ ಇದ್ದ ಗಾಡಿಗೆ ಏರ್ ಬ್ರೇಕಿನ ಆಕ್ಸಲ್ ತಂದರೆ ಅರ್ಧ ಇದು ಅರ್ಧ ಅದು ಎಂದು ಜೋಡಿಸುವಂತಿಲ್ಲ. ಒಂದೇ ಪದ್ಧತಿ ಪೂರ್ತಿಯಾಗಿ ಇರಬೇಕು, ಬಲ್ಲ ಮೇಸ್ತ್ರಿಯೇ ಮಾಡಬೇಕು. ಬೇರೆ ಗಾಡಿಯಿಂದ ಬಂದ ಸ್ಟೇರಿಂಗ್ ಆರ್ಮ್, ಡ್ರ್ಯಾಗ್ ಲಿಂಕುಗಳಿಗೆ ಬಿರುಕು ತೋರಿಸುವ ಬಣ್ಣದ ದ್ರವ (ಡೈ) ಹೊಡೆದು ಬಿರುಕು ನೋಡಿಸಿ. ಅವಕ್ಕೆ ವೆಲ್ಡಿಂಗ್ ಎಂದೂ ಮಾಡಿಸಬಾರದು. ಟಯರನ್ನು ಹಿಡಿದಿಡುವ ಲಾಕ್ ರಿಂಗ್ ಇರುವ 20 ಇಂಚಿನ ರಿಮ್ಮಿಗೆ ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಟ್ಟೇ ತುಂಬಿ. ಎರಡು ಮಾದರಿಯ ರಿಂಗು ರಿಮ್ಮು ಬೆರೆತಿದ್ದರೆ ಕೂತ ಹಾಗೆ ಕಂಡರೂ ಕೂತಿರುವುದಿಲ್ಲ. ರಿಂಗ್ ಹಾರಿದರೆ ಎದುರಿದ್ದವರ ಜೀವ ಹೋಗುತ್ತದೆ.

ಬಾಡಿ, ಬಣ್ಣ, ಬರಹ

ಹಳೆಯ ಲಾರಿಗಳಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಚೇಸಿಸ್, ಹೆಚ್ಚೆಂದರೆ ಮುಂಭಾಗ. ಹಿಂದಿನ ಬಾಡಿ ಊರಿನ ಆಚಾರಿ ಕಟ್ಟಿದ್ದು. ಆದ್ದರಿಂದ ಮರದ ಬಾಡಿಗೆ ಇದೇ ಸರಿಯಾದದ್ದು ಎಂಬ ಒಂದು ನಕ್ಷೆ ಇಲ್ಲ. ಹಳೆಯ ಫೋಟೋ, ಹಳೆಯ ಬಾಡಿಯ ಉಳಿದ ತುಂಡು, ಇವೇ ನಕ್ಷೆ. ಒಂದೇ ಒಂದು ಹಲಗೆ ಉಳಿದಿದ್ದರೂ ಅದರ ದಪ್ಪ, ಬೋಲ್ಟಿನ ಅಂತರ, ಕೊಂಡಿಯ ಆಕಾರ ಅಳೆದಿಡಿ. ಹೊಸ ಮರ ಹಾಕುವಾಗ ಹಳೆಯ ಹಲಗೆ ಗಟ್ಟಿ ಇದ್ದರೆ ಅದನ್ನೂ ಸೇರಿಸಿ. ಬಣ್ಣದಲ್ಲಿ ವ್ಯತ್ಯಾಸ ಕಾಣಿಸಿದರೆ ಕಾಣಿಸಲಿ.

ಮುಂದಿನ ಬೋರ್ಡಿನಲ್ಲಿ ಪಬ್ಲಿಕ್ ಕ್ಯಾರಿಯರ್ ಎಂದು ಬರೆಸಬಹುದೇ? ಗಾಡಿ 1989ಕ್ಕಿಂತ ಹಿಂದಿನದಾದರೆ ಅದರ ಕಾಲಕ್ಕೆ ಅದು ಸರಿ. 1939ರ ಕಾಯ್ದೆಯಲ್ಲಿ ಪಬ್ಲಿಕ್ ಕ್ಯಾರಿಯರ್, ಪ್ರೈವೇಟ್ ಕ್ಯಾರಿಯರ್ ಎಂದು ಬೇರೆ ಬೇರೆ ಪರ್ಮಿಟ್ ಇತ್ತು. 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಆ ವಿಂಗಡಣೆ ಹೋಯಿತು. ತೋಟದ ಮಾಲೀಕರು ಸ್ವಂತ ಅಡಿಕೆ ಸಾಗಿಸಲು ಇಟ್ಟುಕೊಂಡಿದ್ದ ಲಾರಿ ಪ್ರೈವೇಟ್ ಕ್ಯಾರಿಯರ್ ಆಗಿದ್ದಿರಬಹುದು. ಹಳೆಯ ಪರ್ಮಿಟ್ ಕಾಗದ ಇದ್ದರೆ ನೋಡಿ ಬರೆಸಿ. ಅದರ ಮೇಲೆ ಇಲ್ಲದ ಟ್ರಾನ್ಸ್‌ಪೋರ್ಟ್ ಕಂಪನಿಯ ಹೆಸರನ್ನು ಚಂದಕ್ಕೆಂದು ಬರೆಸುವುದು ಬೇಡ.

ಹೊಸ ತಗಡಿಗೆ ಆಸಿಡ್ ಹೊಡೆದು ತುಕ್ಕು ಹಿಡಿಸಿ ಹಳೆಯದು ಎಂದು ತೋರಿಸುವವರಿದ್ದಾರೆ. ಅದು ನೇರ ಮೋಸ. ನಮ್ಮ ಕಡಲ ಗಾಳಿಯಲ್ಲಿ ತುಕ್ಕಿಗೆ ಬರವೂ ಇಲ್ಲ. ಬರಿಯ ಕಬ್ಬಿಣವನ್ನು ಒಂದು ರಾತ್ರಿ ಹಾಗೆ ಬಿಟ್ಟರೆ ಬೆಳಿಗ್ಗೆ ಕೆಂಪಾಗಿರುತ್ತದೆ. ಕೆರೆದ ದಿನವೇ ಪ್ರೈಮರ್ ಹೊಡೆಯಿರಿ, ಬಣ್ಣದ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ.

ಕಟ್ಟಿ ಮುಗಿದ ಮೇಲೆ ಏನೆಂದು ಕರೆಯುವುದು

ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ, ಹೆಚ್ಚು ಬದಲಾದ ಗಾಡಿಗಳಿಗೆ ಹಲವು ವರ್ಷ ಒಂದು ಅಂಕದ ಲೆಕ್ಕ ಬಳಸುತ್ತಿತ್ತು. ಮೊದಲಿನ ಚೇಸಿಸ್‌ಗೆ 5 ಅಂಕ. ಸಸ್ಪೆನ್ಶನ್, ಆಕ್ಸಲ್, ಗೇರ್ ಬಾಕ್ಸ್, ಸ್ಟೇರಿಂಗ್ ತಲಾ 2. ಎಂಜಿನ್‌ಗೆ ಬರೀ 1. ಒಟ್ಟು 14ರಲ್ಲಿ 8 ಬಂದರೆ ಹಳೆಯ ನಂಬರ್ ಉಳಿಯುತ್ತಿತ್ತು. ನಮ್ಮಲ್ಲಿ ಈ ನಿಯಮ ಇಲ್ಲ, ಆದರೆ ಮನೆಯಲ್ಲಿ ಕೂತು ನಿಮ್ಮ ಲಾರಿಗೆ ಲೆಕ್ಕ ಹಾಕಿ ನೋಡಿ. ಎಂಜಿನ್ ಒಂದನ್ನೇ ಹಿಡಿದು ಒರಿಜಿನಲ್ ಎನ್ನುವವರಿಗೆ ಆ ಒಂದು ಅಂಕ ಕಣ್ಣು ತೆರೆಸುತ್ತದೆ.

ಫಿವಾ ಪಟ್ಟಿಯಲ್ಲಿ ಮೂಲ ಸ್ಥಿತಿಯಲ್ಲಿ ಉಳಿದದ್ದು, ಜೀರ್ಣೋದ್ಧಾರ ಆದದ್ದು ಮುಂತಾದವುಗಳ ಜತೆಗೆ ಮತ್ತೆ ಕಟ್ಟಿದ್ದು ಎಂಬ ಗುಂಪೂ ಇದೆ. ಒಂದೇ ಮಾದರಿಯ ಒಂದು ಅಥವಾ ಹೆಚ್ಚು ಗಾಡಿಗಳ ಭಾಗ ಸೇರಿಸಿ, ಕಂಪನಿಯ ವಿವರಕ್ಕೆ ಆದಷ್ಟು ಹತ್ತಿರ ಕಟ್ಟಿದ, ಗುರುತು ಸಿಕ್ಕಿದ ವಾಹನ. ನಮ್ಮ ಹೆಚ್ಚಿನ ಲಾರಿಗಳು ಇದೇ. ಹಾಗೆಂದೇ ಹೇಳಿ. 'ಹಲವು ಗಾಡಿಗಳ ಭಾಗಗಳಿಂದ ಮತ್ತೆ ಕಟ್ಟಿದ ಟಾಟಾ 1210, ಚೇಸಿಸ್ ಇಂಥ ಇಸವಿಯದು' ಎಂದು ಬೋರ್ಡ್ ಹಾಕಿ ನಿಲ್ಲಿಸಿದರೆ ಬಲ್ಲವರು ಹತ್ತಿರ ಬಂದು ಮಾತಾಡಿಸುತ್ತಾರೆ.

ವಿಂಟೇಜ್ ನಂಬರ್ ಬಗ್ಗೆ ಆಸೆ ಪಡುವವರು ಕೇಳಿಸಿಕೊಳ್ಳಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಯಮ ತಂದಿತು. ಗಾಡಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚೇಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ವ್ಯಾಪಾರಕ್ಕೆ ಬಳಸುವಂತಿಲ್ಲ. ನಿಯಮ ಬರೆದದ್ದು ದ್ವಿಚಕ್ರ ವಾಹನ ಮತ್ತು ಕಾರುಗಳನ್ನು ಮನಸ್ಸಿನಲ್ಲಿಟ್ಟು. ಸರಕು ಲಾರಿಗೆ ತಾನಾಗಿಯೇ ಸಿಗುತ್ತದೆ ಎಂದು ಎಣಿಸಬೇಡಿ, ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಬೆರೆತ ಸಾಮಾನಿನ ಗಾಡಿಯನ್ನು ಮೂಲ ರೂಪದ್ದು ಎಂದು ಬರೆದು ಸಹಿ ಹಾಕಬೇಡಿ.

ಮಾರುವ ದಿನ ಬಂದರೆ

ಜಾಹೀರಾತಿನ ಮೊದಲ ಸಾಲಿನಲ್ಲೇ ಚೇಸಿಸ್ ಇಸವಿ, ಎಂಜಿನ್ ಯಾವುದು, ಕ್ಯಾಬಿನ್ ಎಲ್ಲಿಯದು ಎಂದು ಬರೆಯಿರಿ. ಬೆಲೆ ಸ್ವಲ್ಪ ಕಡಿಮೆ ಬರಬಹುದು, ಬರಲಿ. ನೋಡಲು ಬಂದವರಿಗೆ ಚಹಾ ಕೊಟ್ಟು ಕೂರಿಸಿ, ಲಾರಿ ತೋರಿಸುವ ಮೊದಲು ಪುಸ್ತಕ ಕೊಡಿ. "ಅಣ್ಣಾ, ಗೇರ್ ಬಾಕ್ಸ್ ಇದರದ್ದೇ ಅಲ್ವಾ?" ಎಂದು ಕೇಳಿದರೆ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿ. ಗೊತ್ತಿಲ್ಲ ಎಂದಿದ್ದರೆ ಗೊತ್ತಿಲ್ಲ ಎಂದೇ ಹೇಳಿ.

ವ್ಯವಹಾರ ಕುದುರಿದರೆ ಪುಸ್ತಕ, ಬಿಲ್ಲುಗಳು, ಬಿಚ್ಚುವ ಮೊದಲಿನ ಫೋಟೋಗಳು, ನೀವು ಬಳಸದೆ ಎತ್ತಿಟ್ಟ ಹಳೆಯ ಭಾಗಗಳು ಎಲ್ಲವೂ ಲಾರಿಯ ಜತೆಗೇ ಹೋಗಲಿ. ಪುಸ್ತಕದ ಒಂದು ಪ್ರತಿ ನಿಮ್ಮಲ್ಲಿರಲಿ. ಕೊಳ್ಳುವವರು ಮಲಯಾಳ ಅಥವಾ ತಮಿಳಿನವರಾದರೆ ಮುಖ್ಯ ಪುಟಗಳನ್ನು ಇಂಗ್ಲಿಷಿನಲ್ಲೂ ಬರೆದುಕೊಡಿ. ಆಮೇಲೆ ಫಾರ್ಮ್ 29 ಮತ್ತು 30ಕ್ಕೆ ಸಹಿ. ನೋಂದಣಿ ಆದ ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ನೀವು ಕಚೇರಿಗೆ ತಿಳಿಸಬೇಕು, ಬೇರೆ ರಾಜ್ಯಕ್ಕಾದರೆ 45 ದಿನದೊಳಗೆ ನಿರಾಕ್ಷೇಪಣಾ ಪತ್ರದ ಸಮೇತ. ಗಡಿ ದಾಟಿ ತಲಪಾಡಿಯಾಚೆ ಹೋಗುವ ಲಾರಿಗೂ ಇದೇ ನಿಯಮ. ಹತ್ತಿರದ ಊರು ತಾನೇ ಎಂದು ಸುಮ್ನೆ ಬಿಡಬೇಡಿ.